ಓಡ್ಮುಂಡನ ಖಾಲಿ ಕೋವಿ

ಲಿಯಾ ಬೆಟ್ಟದ ಬೇಟೆತಂಡದಲ್ಲಿ ಆರು ಜನ. ಐವರ ಕೋವಿಯಲ್ಲಿ ತೋಟೆ ಇತ್ತು, ಓಡ್ಮುಂಡನ ಕೋವಿಯಲ್ಲಿ ಇರಲಿಲ್ಲ. ಇದು ಓಡ್ಮುಂಡನನ್ನು ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲ.

ಮರೆತು ಬಂದನೆಂದುಕೊಳ್ಳಬೇಡಿ. ಐವತ್ತಾರು ವರ್ಷ ಇದೇ ಬೆಟ್ಟ ಹತ್ತಿದ ಮನುಷ್ಯ ಬುತ್ತಿ ಮರೆತರೂ ತೋಟೆ ಮರೆಯುವವನಲ್ಲ. ವಿಷಯ ಬೇರೆ ಇತ್ತು. ಬೇಟೆಗೆ ಹೋಗುವವರೆಲ್ಲ ಪ್ರತಿ ವರ್ಷ ಗುರಿ ಪರೀಕ್ಷೆಗೆ ನಿಲ್ಲಬೇಕು. ನೂರು ಮೀಟರಿನಾಚೆ ಹಲಗೆಯ ಮೇಲೊಂದು ಜಿಂಕೆಯ ಚಿತ್ರ. ಐದು ಗುಂಡು ಹೊಡೆಯಬೇಕು, ಐದೂ ಎದೆಯ ಮೇಲಿನ ಗೆರೆಯೊಳಗೆ ಬೀಳಬೇಕು. ಎಷ್ಟು ಸಲ ಬೇಕಾದರೂ ಪ್ರಯತ್ನಿಸಬಹುದು, ಆದರೆ ಪಾಸಾಗದೆ ಬೆಟ್ಟ ಹತ್ತುವಂತಿಲ್ಲ. ಓಡ್ಮುಂಡ್ ಆ ಬೇಸಿಗೆಯಲ್ಲಿ ಮೂರು ಸಲ ನಿಂತು ಮೂರು ಸಲವೂ ಫೇಲಾಗಿದ್ದ. ಊರಿನ ಮೈದಾನದಲ್ಲಿ ಫೇಲಾದರೆ ಮರ್ಯಾದೆ ಹೋಗುತ್ತದೆಂದು ದೋಣಿ ಹತ್ತಿ, ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನ ತೋಳು ಫಿಯೋರ್ಡನ್ನು ದಾಟಿ, ತನ್ನ ಮುಖ ಗೊತ್ತಿಲ್ಲದವರ ಊರಿಗೆ ಹೋಗಿದ್ದ. ಮೊದಲ ಸಲ ಗಾಳಿಯ ಮೇಲೆ ತಪ್ಪು ಹೊರಿಸಿದ. ಎರಡನೆಯ ಸಲ ಕೋವಿಯ ದುರ್ಬೀನಿನ ಮೇಲೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತಲ್ಲ, ಹಾಗೆ. ಮೂರನೆಯ ಸಲ, ಪರೀಕ್ಷೆ ಮಾಡುತ್ತಿದ್ದ ಹುಡುಗಿ ಬಹಳ ಮೆತ್ತಗೆ, “ಒಂದ್ಸಲ ಕಣ್ಣು ತೋರಿಸ್ಕೊಳ್ಳಿ ಅಜ್ಜ” ಎಂದಳು. ಫೇಲಾದದ್ದಕ್ಕಿಂತ ಆ ‘ಅಜ್ಜ’ ಹೆಚ್ಚು ಚುಚ್ಚಿತು.

ಹುಡುಗಿ ಹೇಳಿದ್ದು ನಿಜ. ಅವನ ಬಲಗಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣು ಗಟ್ಟಿಯಾಗಿತ್ತು, ಆದರೆ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಕೋವಿಯನ್ನು ಎಡಭುಜಕ್ಕೆ ಬದಲಾಯಿಸುವುದು ಬಲಗೈ ಊಟದವನು ಎಡಗೈಯಲ್ಲಿ ಸಾರು ಅನ್ನ ಕಲಸಿದಂತೆ. ಬಲಗಣ್ಣಿಗೆ ಹಲಗೆಯ ಜಿಂಕೆ ಹಾಲಿನಲ್ಲದ್ದಿದ ಬಿಸ್ಕತ್ತಿನಂತೆ ಅಂಚು ಕರಗಿ ಕಾಣುತ್ತಿತ್ತು.

ಸೆಪ್ಟೆಂಬರಿನಲ್ಲಿ ಮಾರ್ಗುನಳ ಅಡುಗೆಮನೆಯಲ್ಲಿ ತಂಡ ಸೇರಿತು. ಮಾರ್ಗುನ್ ತಂಡದ ಮುಖ್ಯಸ್ಥೆ, ನಲವತ್ತೇಳರ ಗಟ್ಟಿಗಿತ್ತಿ, ಓಡ್ಮುಂಡನ ತೀರಿಹೋದ ಗೆಳೆಯನ ಮಗಳು. ಎಲ್ಲರೂ ಪರೀಕ್ಷೆಯ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. ಓಡ್ಮುಂಡ್ ಎದೆಯ ಜೇಬು ತಟ್ಟಿಕೊಂಡು, “ಇನ್ನೊಂದು ಕೋಟಲ್ಲಿ ಉಳೀತು” ಎಂದ.

“ಬಿಡಿ ಮಾವ, ನಿಮ್ಮ ಕಾರ್ಡು ಕೇಳೋಕೆ ನಾನ್ಯಾರು? ನನಗೆ ಕೋವಿ ಹಿಡಿಯೋದು ಹೇಳ್ಕೊಟ್ಟಿದ್ದೇ ನೀವು,” ಎಂದಳು ಮಾರ್ಗುನ್. “ಕಾಫಿ ಆರೋಗತ್ತೆ, ಕುಡೀರಿ.”

ಓಡ್ಮುಂಡ್ ಕಾಫಿ ಕುಡಿದ, ಕಾರ್ಡಿನ ಮಾತು ಮತ್ತೆ ಎತ್ತಲಿಲ್ಲ.

ಇಷ್ಟಕ್ಕೂ ಒಂದು ವರ್ಷ ಮನೆಯಲ್ಲಿ ಕೂತರೆ ಆಕಾಶ ಬೀಳುತ್ತಿತ್ತೇ? ಓಡ್ಮುಂಡನ ಮಟ್ಟಿಗೆ ಬೀಳುತ್ತಿತ್ತು. ಅವನು ಮದುವೆಯಾದವನಲ್ಲ. ನಲವತ್ತು ಕುರಿ, ಒಂದು ಹುಲ್ಲಿನ ಕೊಟ್ಟಿಗೆ, ಪಕ್ಕದ ಮನೆಯಲ್ಲಿ ವಿಧವೆ ತಂಗಿ ಯೋರುನ್. ವರ್ಷದ ಒಂಬತ್ತು ತಿಂಗಳು ಈ ಊರಿನ ಜನ ಅಂಗಡಿಯ ಮುಂದೆ ಎದುರಾದರೆ “ಮಳೆ” ಎನ್ನುತ್ತಾರೆ, ಎದುರಿನವರು “ಹೂಂ, ಮಳೆ” ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಬೇಟೆ ಶುರುವಾದರೆ ಇವರೇ ಬೇರೆ ಜನ. ಒದ್ದೆ ಪಾಚಿಯ ಮೇಲೆ ಕೂತು ಒಬ್ಬರ ಬುತ್ತಿಯ ಕಂದು ಚೀಸ್ ಇನ್ನೊಬ್ಬರು ತಿಂದು, ತೀರಿಹೋದವರ ಕಥೆಗಳನ್ನು ಮತ್ತೆ ಮತ್ತೆ ಹೇಳಿ ನಗುತ್ತಾರೆ. ಬೇಟೆಯೆಂದರೆ ಕೊಲ್ಲುವುದು ಎಂದು ಪೇಟೆಯವರು ತಿಳಿದಿದ್ದಾರೆ. ಕೊಲ್ಲುವುದು ಒಂದು ಗಳಿಗೆ, ಮಿಕ್ಕ ನೂರು ಗಂಟೆ ಕೂರುವುದು. ಓಡ್ಮುಂಡ್ ಕೂರುವ ಚಪ್ಪಟೆ ಬಂಡೆಗೆ ಅವನದೇ ಹೆಸರು. ಅಲ್ಲಿ ಕೂತರೆ ಕೆಳಗೆ ಹಳ್ಳ, ಆಚೆಗೆ ಬರ್ಚ್ ಮರಗಳು ಹಳದಿ ತಿರುಗಿದ ಇಳಿಜಾರು, ಇನ್ನೂ ಕೆಳಗೆ ಫಿಯೋರ್ಡಿನ ಬೂದು ನೀರು. ಬೆಳಕು ಹರಿಯುವಾಗ ಮೊದಲು ಹಳ್ಳದ ಸದ್ದು, ಆಮೇಲೆ ಒಂದು ಹಕ್ಕಿ, ಆಮೇಲೆ ಎಲ್ಲೋ ಒಂದು ಕಡ್ಡಿ ಮುರಿದ ಸದ್ದು. ಆ ಕಡ್ಡಿಯ ಸದ್ದಿಗೆ ಎದೆ ಹದಿನಾರರಲ್ಲಿ ಹೊಡೆದುಕೊಂಡಂತೆಯೇ ಈಗಲೂ ಹೊಡೆದುಕೊಳ್ಳುತ್ತಿತ್ತು. ಈ ಬಂಡೆ ಹೋದರೆ ತನ್ನಲ್ಲಿ ಉಳಿಯುವುದು ಕುರಿ ಮತ್ತು ಟಿವಿ ಎಂದು ಅವನಿಗೆ ಗೊತ್ತಿತ್ತು, ಆ ಭಯಕ್ಕೇ ಸುಳ್ಳು ಹೇಳಿದ್ದ.

ಆದರೆ ಕಾನೂನಿಗೆ ಹೆದರುವ ಮನುಷ್ಯ. ಆದ್ದರಿಂದ ತನಗೆ ತಾನೇ ಒಂದು ವಾದ ಹೂಡಿಕೊಂಡ. ತೋಟೆಯಿಲ್ಲದ ಕೋವಿ ಊರುಗೋಲಿಗೆ ಸಮ. ಊರುಗೋಲು ಹಿಡಿಯಲು ಯಾವ ಸರ್ಕಾರವೂ ಪರೀಕ್ಷೆ ಇಟ್ಟಿಲ್ಲ. ಪೊರೆ ಬಂದದ್ದು ಕಣ್ಣಿಗೆ ಮಾತ್ರವಲ್ಲ ಎಂದು ನೀವು ನಗಬಹುದು.

ಅಕ್ಟೋಬರಿನ ಮೊದಲ ಶನಿವಾರ ಒಂದು ಹೆಣ್ಣು ಜಿಂಕೆ, ಹಿಂದೆ ಅದರ ಮರಿ, ಬಂಡೆಯ ಮುಂದೆಯೇ ಹಾದುಹೋದವು. ತಾಯಿಯನ್ನು ಮೊದಲು ಹೊಡೆಯುವಂತಿಲ್ಲ, ತಬ್ಬಲಿ ಮರಿ ಚಳಿಗಾಲ ದಾಟುವುದಿಲ್ಲ. ಮರಿಯನ್ನು ಹೊಡೆದ ಮೇಲೆಯೇ ತಾಯಿ. ಮರಿ ಒಂದು ಗಳಿಗೆ ಒಂಟಿಯಾಗಿ, ಅಡ್ಡಲಾಗಿ ನಿಂತಿತ್ತು. ಓಡ್ಮುಂಡ್ ನೋಡುತ್ತ ಕೂತ.

“ಮರಿ ತಾಯಿ ಹಿಂದೆ ಇತ್ತು, ಸರಿಯಾಗಿ ಸಿಗಲಿಲ್ಲ” ಎಂದ, ಮಧ್ಯಾಹ್ನ ಬೆಂಕಿಯ ಸುತ್ತ ಕೂತಾಗ.

“ನೋಡು, ಕಲ್ತುಕೋ!” ಮಾರ್ಗುನ್ ಯಾರ್ಲೆಯ ಬೆನ್ನಿಗೆ ಗುದ್ದಿದಳು. ಯಾರ್ಲೆ ಮಣ್ಣು ತೆಗೆಯುವ ಯಂತ್ರ ಓಡಿಸುವ ಮೂವತ್ತೆಂಟರ ಆಸಾಮಿ, ಬಾಯಿ ದೊಡ್ಡದು, ತಾಳ್ಮೆ ಚಿಕ್ಕದು. “ಅನುಮಾನ ಇದ್ರೆ ಹೊಡೀಬಾರ್ದು. ಐವತ್ತಾರು ವರ್ಷದ ಅನುಭವ ಅಂದ್ರೆ ಇದು.”

“ನನಗನ್ಸತ್ತೆ ಮಾವ ನಿದ್ದೆ ಹೊಡೀತಿದ್ರು,” ಎಂದ ಯಾರ್ಲೆ.

ಎಲ್ಲರೂ ನಕ್ಕರು. ಓಡ್ಮುಂಡನೂ ನಕ್ಕ. ಹೊಗಳಿಕೆ ಮೈಮೇಲೆ ತುರಿಕೆಸೊಪ್ಪು ಎರಚಿದಂತಾಗಿತ್ತು.

ಮುಂದಿನ ಶನಿವಾರ ಎಂಟು ಗಂಟೆಗೆ ಎಲ್ಲರೂ ತಮ್ಮ ತಮ್ಮ ಜಾಗ ಹಿಡಿದರು. ಮೇಲಿನ ಮನೆಯ ಅಣ್ಣತಮ್ಮಂದಿರಿಬ್ಬರು ಕಾಡಿನೊಳಗಿಂದ ಜಿಂಕೆಗಳನ್ನು ಎಬ್ಬಿಸಿಕೊಂಡು ಬರುತ್ತಿದ್ದರು. ಯಾರ್ಲೆ ಕೆಳಗೆ ಬೇಲಿಯ ಬಳಿ, ಮಾರ್ಗುನ್ ಆಚೆ ಗುಡ್ಡದಲ್ಲಿ, ಯೋರುನ್ ತನ್ನ ಗಿಡ್ಡಕಾಲಿನ ಪತ್ತೆನಾಯಿ ಬೀರ್ನಾಳೊಂದಿಗೆ ರಸ್ತೆಯ ಹತ್ತಿರ. ಹತ್ತರ ಸುಮಾರಿಗೆ ಕೆಳಗಿನಿಂದ ಒಂದು ಈಡು ಕೇಳಿಸಿತು. ಹಿಂದೆಯೇ ಕಿವಿಗೆ ಸಿಕ್ಕಿಸಿಕೊಂಡ ವಾಕಿಟಾಕಿಯಲ್ಲಿ ಯಾರ್ಲೆಯ ಏದುಸಿರು.

“ಮಾವ, ನಿಮ್ಮ ಕಡೆ ಬರ್ತಿದೆ! ಗಂಡು, ಚಿಕ್ಕದು. ನನ್ನ ಗುಂಡು ಸರಿಯಾಗಿ ತಗಲಲಿಲ್ಲ, ಹೊಟ್ಟೆಗೆ ಬಿತ್ತು ಅನ್ಸತ್ತೆ. ಬಿಡ್ಬೇಡಿ, ಹೊಡೀರಿ!”

ಜಿಂಕೆ ಬಂತು. ಗೇಣುದ್ದದ ಕೋಡಿನ, ಎರಡು ವರ್ಷದ ಗಂಡು. ಬಂಡೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು ಪಕ್ಕೆ ಎಳೆದೆಳೆದು ಉಸಿರಾಡಿತು. ಪಕ್ಕೆಯ ರೋಮ ಕಪ್ಪಗೆ ತೋಯ್ದಿದ್ದು ಓಡ್ಮುಂಡನ ಎಡಗಣ್ಣಿಗೆ ಸ್ಪಷ್ಟವಾಗಿ ಕಂಡಿತು. ಐವತ್ತಾರು ವರ್ಷದ ಅಭ್ಯಾಸ ಕೋವಿಯನ್ನು ತಾನಾಗಿ ಭುಜಕ್ಕೇರಿಸಿತು, ಬೆರಳು ತಾನಾಗಿ ಟ್ರಿಗರಿನ ಮೇಲೆ ಹೋಯಿತು. ಆಗ ನೆನಪಾಯಿತು. ಇಪ್ಪತ್ತು ಹೆಜ್ಜೆ! ಪೊರೆ ಬಂದ ಕಣ್ಣಿರಲಿ, ಕುರುಡನೂ ಹೊಡೆದು ಆ ಪ್ರಾಣಿಯ ನೋವು ಮುಗಿಸಬಹುದಾದ ದೂರ. ಕೈಯಲ್ಲಿದ್ದದ್ದು ಊರುಗೋಲು. ಜಿಂಕೆ ಅವನನ್ನೇ ನೋಡಿತು, ಅಥವಾ ಅವನಿಗೆ ಹಾಗನ್ನಿಸಿತು. ಆಮೇಲೆ ತಿರುಗಿ ಹಳ್ಳಕ್ಕಿಳಿಯಿತು. ಗಾಯವಾದ ಜಿಂಕೆ ಸಾಮಾನ್ಯವಾಗಿ ನೀರಿನ ಜೊತೆ ಕೆಳಕ್ಕೆ, ಫಿಯೋರ್ಡಿನ ಕಡೆಗೆ ಹೋಗುತ್ತದೆ. ಇದು ನೀರಿನೊಳಗೇ ಮೇಲ್ಮುಖವಾಗಿ ನಡೆದು ಪೊದೆಗಳ ಹಿಂದೆ ಮರೆಯಾಯಿತು.

“ಮಾವ, ಈಡು ಕೇಳಿಸ್ಲಿಲ್ಲ,” ಮಾರ್ಗುನಳ ದನಿ. “ಬಂತಾ ನಿಮ್ಮ ಕಡೆ?”

“ಇಲ್ಲ,” ಎಂದ ಓಡ್ಮುಂಡ್. “ಇಲ್ಲಿಗೆ ಬರ್ಲಿಲ್ಲ.”

“ಹಾಗಾದ್ರೆ ಕೆಳಗೆ ತಿರುಗಿದೆ. ಯಾರೂ ಅಲುಗಾಡ್ಬೇಡಿ, ಅದು ಮಲಗಲಿ. ಯೋರುನಕ್ಕ, ಅರ್ಧ ಗಂಟೆ ಬಿಟ್ಟು ನಾಯಿ ತಗೊಂಡು ಫಿಯೋರ್ಡಿನ ಕಡೆಯಿಂದ ಹುಡುಕ್ತಾ ಬನ್ನಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಓಡ್ಮುಂಡ್ ಬಂಡೆಯ ಮೇಲೆ ಕೂತು ತನ್ನ ರಬ್ಬರ್ ಬೂಟುಗಳನ್ನು ನೋಡಿದ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನಾಯಿ ಕೆಳಗೆ ಹುಡುಕುತ್ತದೆ, ಸಿಗುವುದಿಲ್ಲ, ಸಂಜೆಯಾಗುತ್ತದೆ. ಯಾರ್ಲೆ ಗುರಿ ತಪ್ಪಿದ ಅನ್ನುತ್ತಾರೆ. ಬಂಡೆ ಉಳಿಯುತ್ತದೆ. ಮೇಲೆಲ್ಲೋ ಪೊದೆಯಡಿಯಲ್ಲಿ ಒಂದು ಪ್ರಾಣಿ ನಾಳೆಯವರೆಗೆ, ಬಹುಶಃ ನಾಳಿದ್ದಿನವರೆಗೆ, ಸಾಯುತ್ತಾ ಮಲಗಿರುತ್ತದೆ. ಮೊದಲ ಹನಿಗಳು ಬಿದ್ದವು. ಇನ್ನು ಸ್ವಲ್ಪ ಹೊತ್ತಿಗೆ ಮಳೆ ರಕ್ತವನ್ನೂ ವಾಸನೆಯನ್ನೂ ತೊಳೆದು ಹಾಕುತ್ತದೆ. ಅವನಿಗೆ ತನ್ನ ಮೇಲೆ ಇಷ್ಟು ಅಸಹ್ಯ ಹಿಂದೆಂದೂ ಆಗಿರಲಿಲ್ಲ. ಕಾಲು ಗಂಟೆ ಹಾಗೇ ಕೂತ. ಆಮೇಲೆ ವಾಕಿಟಾಕಿಯ ಗುಂಡಿ ಒತ್ತಿದ.

“ಎಲ್ಲರೂ ಕೇಳಿ. ಓಡ್ಮುಂಡ್ ಮಾತಾಡ್ತಿರೋದು. ನಾನು ಸುಳ್ಳು ಹೇಳ್ದೆ. ಜಿಂಕೆ ಇಲ್ಲಿಗೇ ಬಂದಿತ್ತು, ನನ್ನ ಮುಂದೇನೇ ನಿಂತಿತ್ತು. ನನ್ನ ಕೋವೀಲಿ ತೋಟೆ ಇಲ್ಲ. ಪರೀಕ್ಷೆ ಪಾಸಾಗಿಲ್ಲ ನಾನು, ಕಾರ್ಡೂ ಇಲ್ಲ. ಅದು ಹಳ್ಳ ಹಿಡ್ಕೊಂಡು ಮೇಲಕ್ಕೆ ಹೋಗಿದೆ, ಕೆಳಕ್ಕಲ್ಲ. ಮಳೆ ಶುರುವಾಗಿದೆ. ನಾಯೀನ ಇಲ್ಲಿಗೆ ಕಳಿಸಿ.”

ವಾಕಿಟಾಕಿ ಗೊರಗೊರ ಎಂದಿತು. ಕೊನೆಗೆ ಮಾರ್ಗುನ್, “ಅಲ್ಲೇ ಇರಿ,” ಎಂದಳು.

ಯೋರುನ್ ಅರವತ್ತಾರರ ಹೆಂಗಸು. ಬೆಟ್ಟ ಹತ್ತಿ ಬಂದಾಗ ಮುಖ ಕೆಂಪಾಗಿತ್ತು, ಅರ್ಧ ಏರಿಗೆ, ಅರ್ಧ ಸಿಟ್ಟಿಗೆ.

“ನಿನ್ನ ತಲೇಲಿ ಏನು ತುಂಬ್ಕೊಂಡಿದೀಯ ಅಣ್ಣ? ಕುರಿ ಹುಲ್ಲಾ?”

“ಆಮೇಲೆ ಬಯ್ಯಿ. ಮಳೆ ಜೋರಾಗ್ತಿದೆ.”

“ಬಯ್ಯದೇ ಬಿಡ್ತೀನಿ ಅಂದ್ಕೊಂಡಿದ್ರೆ ಅದನ್ನ ಮರೆತುಬಿಡು.”

ಬೀರ್ನಾ ಬಂಡೆಯ ಮುಂದೆ ರಕ್ತದ ಕಲೆ ಮೂಸಿ, ಉದ್ದ ಹಗ್ಗ ಎಳೆದುಕೊಂಡು ನೇರ ಹಳ್ಳಕ್ಕಿಳಿದಳು. ನೀರಿನಲ್ಲಿ ವಾಸನೆ ತಪ್ಪಿ, ಅತ್ತ ಇತ್ತ ಸುತ್ತಿ, ಯೋರುನಳ ಮುಖ ನೋಡಿದಳು. ಇನ್ನು ಓಡ್ಮುಂಡನ ಕೆಲಸ. ಅವನಿಗೆ ಆ ಹಳ್ಳದ ಒಂದೊಂದು ಕಲ್ಲೂ ಪರಿಚಯ. ಮೇಲೆ ಮುನ್ನೂರು ಹೆಜ್ಜೆಯವರೆಗೂ ಎರಡೂ ದಡ ಕಡಿದಾಗಿವೆ, ಹೊಟ್ಟೆಗೆ ಪೆಟ್ಟು ಬಿದ್ದ ಪ್ರಾಣಿ ಹತ್ತಲಾರದು. ಮೊದಲ ತಗ್ಗು ದಡ ಸಿಗುವುದು ಆಲ್ಡರ್ ಪೊದೆಗಳ ಬಳಿ. ಅಲ್ಲಿ ಮುಂಚಾಚಿದ ಬಂಡೆಯಡಿ ಮಳೆಗೆ ಕುರಿಗಳು ನಿಲ್ಲುವುದುಂಟು.

“ನಾಯೀನ ಎತ್ಕೋ. ಮೇಲೆ ಆಲ್ಡರ್ ಹತ್ರ ಬಿಡೋಣ,” ಎಂದ.

“ಖಾತ್ರಿನಾ?”

“ನಾನಾಗಿದ್ರೆ ಅಲ್ಲೇ ಹತ್ತುತ್ತಿದ್ದೆ.”

ಆಲ್ಡರ್ ಪೊದೆಯ ಬಳಿ ಇಳಿಸಿದ್ದೇ ತಡ, ಬೀರ್ನಾ ಮೂಗು ನೆಲಕ್ಕೊತ್ತಿ ಹಗ್ಗವನ್ನು ಬಿಗಿ ಮಾಡಿದಳು. ಐವತ್ತು ಹೆಜ್ಜೆಯೂ ಆಗಿರಲಿಲ್ಲ. ಜಿಂಕೆ ಬಂಡೆಯಡಿ ಒಣ ಜಾಗದಲ್ಲಿ ಮಲಗಿತ್ತು. ತಲೆ ಎತ್ತಿತು, ಏಳಲಾಗಲಿಲ್ಲ. ಯೋರುನ್ ಕೋವಿ ಇಳಿಸಿ, ಉಸಿರು ಹಿಡಿದು, ಒಂದೇ ಗುಂಡು ಹೊಡೆದಳು. ಓಡ್ಮುಂಡ್ ಟೋಪಿ ತೆಗೆದು ಮಳೆಯಲ್ಲಿ ನಿಂತ.

ಯಾರ್ಲೆ ಓಡುತ್ತಾ ಬಂದ. ದೊಡ್ಡ ಬಾಯಿ ಅವತ್ತು ಮುಚ್ಚಿತ್ತು. ಜಿಂಕೆಯ ಪಕ್ಕ ಕುಕ್ಕರಿಸಿ, “ಓಡ್ತಿತ್ತು. ಆದ್ರೂ ಹೊಡ್ದೆ. ಆತುರ ಮಾಡ್ದೆ,” ಎಂದ.

“ನಿನ್ನ ವಯಸ್ಸಲ್ಲಿ ನಾನೊಂದನ್ನ ಎರಡು ದಿನ ಹುಡುಕಿದೀನಿ,” ಎಂದ ಓಡ್ಮುಂಡ್.

“ಸಿಕ್ತಾ?”

“ಇಲ್ಲ.”

ಯಾರ್ಲೆ ಮುಖ ಒರೆಸಿಕೊಂಡ. “ನೀವು ಹೇಳ್ದೇ ಇದ್ದಿದ್ರೆ ನಾವಿನ್ನೂ ಕೆಳಗೆ ಹುಡುಕ್ತಿರ್ತಿದ್ವಿ ಮಾವ.”

“ನಾನು ಸುಳ್ಳು ಹೇಳ್ದೇ ಇದ್ದಿದ್ರೆ ಅದು ಇಷ್ಟು ಹೊತ್ತು ನರಳ್ತಿರ್ಲಿಲ್ಲ. ಅದನ್ನೂ ಹೇಳು.”

ಆ ಹೊತ್ತಿಗೆ ಮಾರ್ಗುನ್ ಬಂದಿದ್ದಳು. ಅವಳು ಓಡ್ಮುಂಡನ ಕೋವಿ ಇಸಿದುಕೊಂಡು, ತೆರೆದು, ಖಾಲಿ ಹೊಟ್ಟೆಯೊಳಗೆ ನೋಡಿದಳು. ಬಯ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು. “ಶುಕ್ರವಾರ ನಾಲ್ಕು ಗಂಟೆಗೆ ನಮ್ಮ ಕೊಟ್ಟಿಗೆಗೆ ಬನ್ನಿ, ಮಾಂಸ ಹಂಚೋದಿದೆ,” ಎಂದಳು. “ಮಾತಾಡೋದೂ ಇದೆ. ಅಲ್ಲೀವರೆಗೆ ಬೆಟ್ಟ ಹತ್ಬೇಡಿ.”

ಆ ವಾರ ಓಡ್ಮುಂಡ್ ಕುರಿಗಳಿಗೆ ಹುಲ್ಲು ಹಾಕಿದ, ಕೋವಿ ಒರೆಸಿ ಬೀರುವಿನಲ್ಲಿಟ್ಟು ಬೀಗ ಹಾಕಿದ, ರಾತ್ರಿಯೂಟಕ್ಕೆ ಆಲೂಗಡ್ಡೆ ಬೇಯಿಸಿ ಅರ್ಧ ತಿಂದ. ತಂಡದಿಂದ ತೆಗೆದುಹಾಕುತ್ತಾರೆ, ಅನುಮಾನವಿಲ್ಲ. ನಾನಾಗಿದ್ದರೂ ತೆಗೆಯುತ್ತಿದ್ದೆ ಎಂದುಕೊಂಡ. ಬುಧವಾರ ಯೋರುನ್ ಬಂದು ಉಳಿಸಿಟ್ಟ ಬೈಗುಳವನ್ನೆಲ್ಲ ಖಾಲಿ ಮಾಡಿ, ಕೊನೆಗೆ ಕಣ್ಣಾಸ್ಪತ್ರೆಯ ನಂಬರು ಬರೆದ ಚೀಟಿ ಮೇಜಿನ ಮೇಲಿಟ್ಟಳು.

“ಕಣ್ಣಿಗೆ ಸೂಜಿ ಚುಚ್ತಾರಂತೆ,” ಎಂದ ಓಡ್ಮುಂಡ್.

“ಕೋಡಿನ ಗಂಡು ಎದುರು ಬಂದ್ರೆ ಕದಲದವನು ಸೂಜಿಗೆ ಹೆದರ್ತೀಯ?”

“ಅದು ಕಣ್ಣಿಗೆ ಚುಚ್ಚಲ್ಲ.”

“ಹಾಗಾದ್ರೆ ಟಿವಿ ಮುಂದೆ ಕೂತಿರು, ಅದೂ ಅರ್ಧ ಕಾಣಲ್ಲ ನಿಂಗೆ.” ಬಾಗಿಲು ಎಳೆದುಕೊಂಡು ಹೋದಳು.

ಅವಳು ಹೋದ ಮೇಲೆ ಅವನು ಫೋನು ಮಾಡಿದ. ಜನವರಿ ಹದಿನಾಲ್ಕು ಎಂದರು. ಇನ್ನು ಪ್ರಯೋಜನವೇನು ಅನ್ನಿಸಿತು, ಆದರೂ ದಿನಾಂಕ ಬರೆದುಕೊಂಡ.

ಶುಕ್ರವಾರ ಮಾರ್ಗುನಳ ಕೊಟ್ಟಿಗೆಯಲ್ಲಿ ಎಲ್ಲರೂ ಇದ್ದರು. ಮೂಲೆಯ ಒಲೆಯ ಮೇಲೆ ಜಿಂಕೆಯ ಗುಂಡಿಗೆ ಬೆಣ್ಣೆಯಲ್ಲಿ ಹುರಿಯುವ ಪರಿಮಳ. ಕಡಿದ ಮಾಂಸವನ್ನು ತೊಡೆ, ಭುಜ, ಪಕ್ಕೆಲುಬು ಎಂದು ಸರಿಸಮ ನೋಡಿ, ನೆಲಕ್ಕೆ ಹಾಸಿದ ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಗುಡ್ಡೆ ಹಾಕುತ್ತಿದ್ದರು. ಓಡ್ಮುಂಡ್ ಬಾಗಿಲಲ್ಲೇ ನಿಂತ. ಗುಡ್ಡೆಗಳ ಕಡೆ ನೋಡುವ ಧೈರ್ಯವಾಗಲಿಲ್ಲ.

“ಮೊದಲು ಹಂಚೋಣ,” ಎಂದಳು ಮಾರ್ಗುನ್. “ಗೋಡೆ ಕಡೆ ತಿರುಗಿ ಮಾವ.”

ಹಂಚುವ ಕ್ರಮ ಇದು. ತಂಡದ ಹಿರಿಯರು ಗುಡ್ಡೆಗಳಿಗೆ ಬೆನ್ನು ಹಾಕಿ ಗೋಡೆ ನೋಡುತ್ತಾ ನಿಲ್ಲಬೇಕು. ಮುಖ್ಯಸ್ಥರು ಯಾವುದೋ ಒಂದು ಗುಡ್ಡೆಗೆ ಬೆರಳು ತೋರಿಸಿ ‘ಇದು ಯಾರಿಗೆ?’ ಎಂದು ಕೇಳುತ್ತಾರೆ. ನೋಡದೆ ನಿಂತವರು ಹೆಸರು ಹೇಳುತ್ತಾರೆ. ಅವರು ಹೇಳಿದ್ದೇ ಕೊನೆ, ಬೇರೆಯವರು ಹೆಸರೆತ್ತುವಂತಿಲ್ಲ. ಹಾಗಾಗಿ ಯಾರಿಗೂ ಹೆಚ್ಚು ಕಡಿಮೆಯಾಯಿತೆಂಬ ಜಗಳವಿಲ್ಲ.

“ಬೇರೆ ಯಾರಾದ್ರೂ ನಿಲ್ಲಲಿ,” ಎಂದ ಓಡ್ಮುಂಡ್.

“ನಿಮಗಿಂತ ಹಿರಿಯರು ಯಾರಿದಾರೆ ಇಲ್ಲಿ? ತಿರುಗಿ.”

ಓಡ್ಮುಂಡ್ ಗೋಡೆಯ ಕಡೆ ತಿರುಗಿದ. ಮುಖದ ಮುಂದೆ ಬೂದು ಹಲಗೆ, ಅದರಲ್ಲೊಂದು ಗಂಟು.

“ಇದು ಯಾರಿಗೆ?”

“ಯೋರುನ್‌ಗೆ.”

“ಇದು ಯಾರಿಗೆ?”

“ಯಾರ್ಲೆಗೆ.” ಹಿಂದಿನಿಂದ ಯಾರ್ಲೆ ಗಂಟಲು ಸರಿಮಾಡಿಕೊಂಡ ಸದ್ದು ಬಂತು.

ಮೇಲಿನ ಮನೆಯ ಅಣ್ಣನ ಹೆಸರು ಹೇಳಿದ, ತಮ್ಮನ ಹೆಸರು ಹೇಳಿದ, ಮಾರ್ಗುನಳ ಹೆಸರು ಹೇಳಿದ. ಹೇಳಿ ನಿಟ್ಟುಸಿರು ಬಿಟ್ಟು, ಇನ್ನು ತಿರುಗಬೇಕು, ಅವರ ಮುಖ ನೋಡಬೇಕು ಎಂದುಕೊಂಡ.

“ಇದು ಯಾರಿಗೆ?” ಎಂದಳು ಮಾರ್ಗುನ್.

“ಮುಗೀತಲ್ಲ. ಐದೂ ಹೇಳ್ದೆ.”

“ನಾನು ಆರು ಗುಡ್ಡೆ ಹಾಕಿದೀನಿ.”

“ಹೆಚ್ಚಾಗಿ ಹಾಕಿದೀಯ.”

“ಕಾರ್ಡು ನೋಡ್ದೇ ಬಿಟ್ಟವಳು ನಾನು. ಆ ತಪ್ಪು ನನ್ನದು, ಮುಂದಿನ ವರ್ಷ ನಿಮ್ಮದನ್ನೇ ಮೊದಲು ನೋಡ್ತೀನಿ. ಆದ್ರೆ ಗುಡ್ಡೆ ಲೆಕ್ಕದಲ್ಲಿ ಯಾವತ್ತೂ ತಪ್ಪಿಲ್ಲ ನಾನು. ಇದು ಯಾರಿಗೆ?”

ಓಡ್ಮುಂಡನ ಮುಂದಿನ ಹಲಗೆ ಕಲಸಿಹೋಯಿತು, ಈ ಸಲ ಎರಡೂ ಕಣ್ಣಿಗೆ. ಒಲೆಯ ಮೇಲೆ ಬೆಣ್ಣೆ ಚಿಟಿಚಿಟಿ ಎನ್ನುತ್ತಿತ್ತು. ಅವನ ಬದಲಿಗೆ ಆ ಹೆಸರು ಹೇಳಲು ಅಲ್ಲಿ ಯಾರಿಗೂ ಹಕ್ಕಿರಲಿಲ್ಲ.

“ಬೇಗ ಹೇಳಿ ಮಾವ,” ಯಾರ್ಲೆಗೆ ತಡೆಯಲಾಗಲಿಲ್ಲ. “ಗುಂಡಿಗೆ ಸೀದುಹೋಗ್ತಿದೆ.”

“ಓಡ್ಮುಂಡ್‌ಗೆ,” ಎಂದ ಓಡ್ಮುಂಡ್.

“ಕೇಳಿಸ್ಲಿಲ್ಲ.”

“ಓಡ್ಮುಂಡ್‌ಗೆ!”

“ಸರಿ,” ಎಂದಳು ಮಾರ್ಗುನ್. “ನಾಳೆ ಎಂಟಕ್ಕೆ ಬನ್ನಿ, ಕೋವಿ ಮನೇಲಿರ್ಲಿ. ಯೋರುನಕ್ಕನ ಜೊತೆ ನಾಯಿ ಹಿಡೀರಿ.”

ಅವನು ತೋಳಿನಿಂದ ಮೂಗು ಒರೆಸಿಕೊಂಡು ತಿರುಗಿದ. “ಮಾತಾಡೋದಿದೆ ಅಂದಿದ್ಯಲ್ಲ?”

“ಆಡಾಯ್ತಲ್ಲ,” ಎನ್ನುತ್ತಾ ಅವಳು ಬಾಣಲೆ ಇಳಿಸಲು ಹೋದಳು. ಯೋರುನ್ ತಟ್ಟೆಗಳನ್ನು ತೆಗೆದಳು, ಆರು ಜನ ಹಲಗೆಯ ಬೆಂಚಿನ ಮೇಲೆ ಒತ್ತೊತ್ತಾಗಿ ಕೂತರು.